ಮ್ಯಾಜಿಸ್ಟ್ರೇಟ್ ಜಡ್ಜ್ ಮುಂದೆ ಕೇಸು ನಡೆಸಲು ಒಪ್ಪಬೇಕೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾನು ಟೆಕ್ಸಾಸ್‌ನಲ್ಲಿದ್ದೇನೆ. ಓವರ್‌ಟೈಮ್ ಹಣ ಕೊಡಲಿಲ್ಲವೆಂದು ಹಿಂದಿನ ಕಂಪನಿಯ ಮೇಲೆ ಫೆಡರಲ್ (ಅಮೆರಿಕದ ಕೇಂದ್ರ ವ್ಯವಸ್ಥೆಯ) ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ದಾವೆ ಹೂಡಿದ್ದೇನೆ. ಮ್ಯಾಜಿಸ್ಟ್ರೇಟ್ ಜಡ್ಜ್ ವಿಚಾರಣೆ ನಡೆಸಲು ಒಪ್ಪಿಗೆಯಿದ್ದರೆ ಸಹಿ ಮಾಡಿ ಎಂದು ಫಾರ್ಮ್ ಬಂದಿದೆ. ನಮ್ಮೂರಿನಲ್ಲಿ ಮ್ಯಾಜಿಸ್ಟ್ರೇಟ್ ಎಂದರೆ ತಹಶೀಲ್ದಾರರು, ಇಲ್ಲವೇ ಜೆಎಂಎಫ್‌ಸಿ ಕೋರ್ಟು. ಸಹಿ ಹಾಕಿದರೆ ನನ್ನ ಕೇಸು ಕೆಳಗಿನ ಕೋರ್ಟಿಗೆ ಇಳಿಯುತ್ತದೆಯೇ? ಹಾಕದಿದ್ದರೆ ಜಡ್ಜ್ ಸಾಹೇಬರಿಗೆ ಬೇಸರವಾದೀತೇ?

ಉತ್ತರ: ನಮಸ್ಕಾರ. ಹೆಸರು ಒಂದೇ ಆದರೂ ಹುದ್ದೆ ಬೇರೆ. ಇವರು ಅದೇ ಡಿಸ್ಟ್ರಿಕ್ಟ್ ಕೋರ್ಟಿನ ನ್ಯಾಯಾಧೀಶರು. ಡಿಸ್ಟ್ರಿಕ್ಟ್ ಜಡ್ಜ್‌ಗಳನ್ನು ಅಧ್ಯಕ್ಷರು ಸೆನೆಟ್ಟಿನ ಒಪ್ಪಿಗೆ ಪಡೆದು ಆಜೀವ ನೇಮಿಸುತ್ತಾರೆ. ಪೂರ್ಣಕಾಲಿಕ ಮ್ಯಾಜಿಸ್ಟ್ರೇಟ್ ಜಡ್ಜ್‌ಗಳನ್ನಾದರೋ ಆ ಡಿಸ್ಟ್ರಿಕ್ಟ್ ಜಡ್ಜ್‌ಗಳೇ 8 ವರ್ಷದ ಅವಧಿಗೆ ನೇಮಿಸುತ್ತಾರೆ. ಫೆಡರಲ್ ಕೋರ್ಟುಗಳಲ್ಲಿ ಶುಲ್ಕದ ಮೇಲೆ ದುಡಿಯುತ್ತಿದ್ದ ಹಳೆಯ ಕಮಿಷನರುಗಳ ಜಾಗಕ್ಕೆ 1968ರ ಕಾಯ್ದೆ ಇವರನ್ನು ತಂದಿತು. ಹೆಸರಿಗೆ ‘ಜಡ್ಜ್’ ಸೇರಿದ್ದು 1990ರಲ್ಲಿ. ಆ ಪದ ಮೊದಲೇ ಇದ್ದಿದ್ದರೆ ನಿಮ್ಮಂಥವರ ಗೊಂದಲ ಅರ್ಧ ಕಡಿಮೆಯಾಗುತ್ತಿತ್ತೋ ಏನೋ.

ನೀವೂ ಕಂಪನಿಯವರೂ ಒಪ್ಪಿದರೆ ಜ್ಯೂರಿ ವಿಚಾರಣೆಯಿಂದ ತೀರ್ಪಿನವರೆಗೆ ಎಲ್ಲವನ್ನೂ ಅವರೇ ನಡೆಸಬಹುದು, ಮತ್ತು ಮೇಲ್ಮನವಿ ಡಿಸ್ಟ್ರಿಕ್ಟ್ ಜಡ್ಜ್ ಬಳಿಗೆ ಹೋಗದೆ ನೇರವಾಗಿ ಡಿಸ್ಟ್ರಿಕ್ಟ್ ಕೋರ್ಟಿಗೆ ಮೇಲಿನದಾದ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯಕ್ಕೇ ಹೋಗುತ್ತದೆ. ಗಂಭೀರ ಅಪರಾಧಗಳ ವಿಚಾರಣೆ ಇವರ ವ್ಯಾಪ್ತಿಗೆ ಬರುವುದಿಲ್ಲ; ಡಿಸ್ಟ್ರಿಕ್ಟ್ ಜಡ್ಜ್ ಅಂಥ ಕ್ರಿಮಿನಲ್ ಕೇಸುಗಳಿಗೆ ಆದ್ಯತೆ ಕೊಡಲೇಬೇಕಾಗಿರುವುದರಿಂದ ಅಲ್ಲಿ ಸಿವಿಲ್ ಕೇಸಿನ ದಿನಾಂಕ ಮುಂದಕ್ಕೆ ಹೋಗುವುದುಂಟು, ಇಲ್ಲಿ ಆ ಭಯ ಕಡಿಮೆ. ನಿಮ್ಮಂಥ ದಾವೆಗೆ ನಾನಾದರೆ ಒಪ್ಪುವ ಕಡೆಗೇ ವಾಲುತ್ತೇನೆ. ಆದರೆ ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಅಸಾಧಾರಣ ಕಾರಣವಿಲ್ಲದೆ ಹಿಂತೆಗೆದುಕೊಳ್ಳಲಾಗದು.

ಬೇಸರದ ಚಿಂತೆ ಬೇಡ. ಫಾರ್ಮನ್ನು ಜಡ್ಜ್ ಅವರಿಗಲ್ಲ, ಕೋರ್ಟಿನ ಕ್ಲರ್ಕ್‌ಗೆ ಕೊಡಬೇಕು; ಎಲ್ಲ ಪಕ್ಷಗಾರರೂ ಒಪ್ಪದ ಹೊರತು ಯಾರು ಏನು ಹೇಳಿದರೆಂಬುದು ಜಡ್ಜ್‌ಗಳಿಗೆ ತಿಳಿಯಬಾರದೆಂದು ನಿಯಮವೇ ಇದೆ.

ಮರುಪ್ರಶ್ನೆ: ಒಪ್ಪದಿದ್ದರೆ ನನ್ನ ಕೇಸಿನಲ್ಲಿ ಅವರ ಪಾತ್ರವೇ ಇರುವುದಿಲ್ಲವೇ?

ಉತ್ತರ: ಇರಬಹುದು. ದಾಖಲೆ ಒದಗಿಸುವ ತಕರಾರುಗಳಂಥ ಪೂರ್ವಭಾವಿ ವಿಷಯಗಳನ್ನು ಡಿಸ್ಟ್ರಿಕ್ಟ್ ಜಡ್ಜ್ ನಿಮ್ಮನ್ನು ಕೇಳದೆಯೇ ಅವರಿಗೆ ವಹಿಸಬಹುದು. ದಾವೆಯನ್ನೇ ವಜಾ ಮಾಡುವಂಥ ಅರ್ಜಿಯಾದರೆ ಅವರು ಶಿಫಾರಸು ಮಾತ್ರ ಬರೆಯುತ್ತಾರೆ. ಅದರ ಪ್ರತಿ ಕೈಸೇರಿದಂದಿನಿಂದ 14 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿದರೆ, ಆಕ್ಷೇಪಿಸಿದ ಅಂಶಗಳನ್ನು ಡಿಸ್ಟ್ರಿಕ್ಟ್ ಜಡ್ಜ್ ಹೊಸದಾಗಿ ಪರಿಶೀಲಿಸಬೇಕು. ಆ 14 ದಿನಗಳನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.