ರಾತ್ರಿ ಲಾರಿ ಓಡಿಸುವ ಕೆಲಸಕ್ಕೆ ತಮ್ಮನನ್ನು ಕಳುಹಿಸಬಹುದಾ? ಅನುಭವ ಇದ್ದವರು ಹೇಳಿ

ನಮ್ಮದು ಹಾಸನದ ಹತ್ತಿರ ಹಳ್ಳಿ. ತಮ್ಮನಿಗೆ 24 ವರ್ಷ, ಹೆವಿ ಲೈಸೆನ್ಸ್ ಇದೆ. ಇಷ್ಟು ದಿನ ಹಗಲಲ್ಲೇ ಅರಸೀಕೆರೆ, ತಿಪಟೂರು ಕಡೆ ತೆಂಗಿನಕಾಯಿ ಲೋಡು ಓಡಿಸುತ್ತಿದ್ದ. ಈಗ ಹಾಸನದಿಂದ ಮಂಗಳೂರಿಗೆ ರಾತ್ರಿ ಲೋಡಿನ ಕೆಲಸ ಬಂದಿದೆ. ದುಡ್ಡು ಜಾಸ್ತಿ. ಅಮ್ಮ ಬೇಡ ಅಂತಾರೆ, ಅವನು ಹೋಗೇ ಹೋಗ್ತೀನಿ ಅಂತಾನೆ. ರಾತ್ರಿ ಓಡಿಸಿದವರು ಇದ್ದದ್ದು ಇದ್ದಂತೆ ಹೇಳಿ.

*

ತಂಗಿ, ನಾನು 19 ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ, ಹೆಚ್ಚಿನದು ರಾತ್ರಿ ಟ್ರಿಪ್ಪೇ. ಕಳುಹಿಸಿ. ಆದರೆ ಮೊದಲು ಮಾಲೀಕರನ್ನು ಒಂದು ಮಾತು ಬಿಡಿಸಿ ಕೇಳಿ: ದಾರಿಯಲ್ಲಿ ನಿದ್ದೆ ಬಂದರೆ ಗಾಡಿ ನಿಲ್ಲಿಸಿ ಮಲಗಬಹುದಾ? "ಇಷ್ಟು ಗಂಟೆಗೆ ಮುಟ್ಟಲೇಬೇಕು" ಅನ್ನುವ ಕಡೆ ಎಷ್ಟೇ ಬಾಟಾ ದುಡ್ಡು ಕೊಟ್ಟರೂ ಬೇಡ.

ರಾತ್ರಿ ಓಡಿಸುವುದರಲ್ಲಿ ಸುಖ ಇಲ್ಲ ಅಂತಲ್ಲ. ಬೈಕು, ಆಟೊ, ಶಾಲೆ ಮಕ್ಕಳು ಯಾರೂ ಇರುವುದಿಲ್ಲ. ರಸ್ತೆ ತಣ್ಣಗಿರುತ್ತದೆ, ಟೈರ್ ಅಷ್ಟಾಗಿ ಕಾಯುವುದಿಲ್ಲ. ಪದೇ ಪದೇ ಬ್ರೇಕ್ ಹಿಡಿಯುವುದು ತಪ್ಪುತ್ತದೆ, ಡೀಸೆಲ್ ಉಳಿಯುತ್ತದೆ. ಘಾಟಿಯಲ್ಲಿ ಇನ್ನೊಂದು ಅನುಕೂಲ ಇದೆ. ತಿರುವಿನ ಆಚೆಯಿಂದ ಗಾಡಿ ಬರುತ್ತಿದ್ದರೆ ಅದರ ಬೆಳಕು ಮೊದಲೇ ಮರದ ಮೇಲೆ ಬೀಳುತ್ತದೆ. ಹಗಲಲ್ಲಿ ಅದು ಗೊತ್ತೇ ಆಗುವುದಿಲ್ಲ.

ಆದರೆ ನಿದ್ದೆ. ಇದೊಂದನ್ನೇ ನಾನು ಒತ್ತಿ ಹೇಳುವುದು. ಬೆಳಗಿನ ಜಾವ 2ರಿಂದ 5 ಗಂಟೆಯ ಹೊತ್ತು ಎಂಥವನಿಗೂ ಮೈ ಸೋಲುತ್ತದೆ. ಒಂದು ಸಲ ಆಲೂರು ದಾಟಿ ಸಕಲೇಶಪುರದ ಕಡೆ ಹೋಗುತ್ತಿದ್ದೆ, ಮೂರೂವರೆ ಇರಬಹುದು. ಕಣ್ಣು ತೆರೆದೇ ಇದ್ದೆ ಅಂತ ಇವತ್ತಿಗೂ ಅನಿಸುತ್ತದೆ. ಎಡಗಡೆ ಕನ್ನಡಿಗೆ ಕೊಂಬೆ ಬಡಿದ ಸದ್ದು ಕೇಳಿತು. ನೋಡಿದರೆ ಸ್ಟೀರಿಂಗ್ ಮೇಲೆ ನನ್ನ ಕೈ ಜೊತೆ ಕ್ಲೀನರ್ ಹುಡುಗನ ಕೈಯೂ ಇತ್ತು. ಎಡ ಚಕ್ರ ಎರಡೂ ಮಣ್ಣಿಗೆ ಇಳಿದಿದ್ದವು. ಗಂಟೆಗೆ 60 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಜೊಂಪು ಹತ್ತಿದರೆ ಲಾರಿ 65 ಮೀಟರ್‌ಗಿಂತ ಜಾಸ್ತಿ ದೂರ ತನ್ನಷ್ಟಕ್ಕೆ ತಾನು ಓಡಿರುತ್ತದೆ. ಆ ಹುಡುಗ ಎಚ್ಚರ ಇದ್ದ, ನಾನು ಬದುಕಿದೆ.

ಅವತ್ತಿನಿಂದ ಕಣ್ಣು ಎಳೆಯುತ್ತಿದೆ ಅನಿಸಿದ ಕೂಡಲೇ ಬೆಳಕಿರುವ ಪೆಟ್ರೋಲ್ ಬಂಕ್ ಅಥವಾ ಹೋಟೆಲ್ ಹತ್ತಿರ ಗಾಡಿ ಹಾಕುತ್ತೇನೆ. ಒಂದು ಲೋಟ ಕಾಫಿ ಕುಡಿದು ಆಮೇಲೆ 20 ನಿಮಿಷ ಮಲಗುತ್ತೇನೆ. ಕಾಫಿ ಕೆಲಸ ಮಾಡಲು ಅಷ್ಟು ಹೊತ್ತು ಬೇಕು, ಏಳುವಾಗ ಎರಡೂ ಸೇರಿ ತಲೆ ತಿಳಿಯಾಗಿರುತ್ತದೆ. ಆಗಲೂ ತೂಕಡಿಕೆ ಹೋಗದಿದ್ದರೆ ಮುಂದೆ ಹೋಗುವುದೇ ಇಲ್ಲ. ಹಾಡು ಜೋರು ಮಾಡುವುದು, ಮುಖ ತೊಳೆಯುವುದು, ಹೊಗೆಸೊಪ್ಪು ಹಾಕುವುದು ಎಲ್ಲ ಹತ್ತು ನಿಮಿಷದ ಮಾತು. ಕಾನೂನೂ ಮೊದಲಿಂದ ನಮ್ಮ ಪರವೇ ಇದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ಆಗುವಷ್ಟರಲ್ಲಿ ಅರ್ಧ ಗಂಟೆ ಬಿಡುವು ಅಂತ ಇತ್ತು. ಎಷ್ಟೋ ಡ್ರೈವರ್‌ಗಳಿಗೆ ಇದು ಗೊತ್ತೇ ಇಲ್ಲ.

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ನಿಮ್ಮ ತಮ್ಮ ಒಂದು ನೆನಪಿಟ್ಟುಕೊಳ್ಳಲಿ. ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಇಂಜಿನ್ನಿನ ಹಿಡಿತ ಹೋಗುತ್ತದೆ. ಭಾರ ಎಲ್ಲ ಬ್ರೇಕ್ ಮೇಲೆ ಬಿದ್ದು ಡ್ರಮ್ ಕಾಯುತ್ತದೆ. ಆಮೇಲೆ ಪೆಡಲ್ ತುಳಿದರೂ ಗಾಡಿ ನಿಲ್ಲುವುದಿಲ್ಲ. ಗ್ಯಾಸ್ ಬುಲೆಟ್ ಟ್ಯಾಂಕರ್ ಹಿಂದೆ ಅಂಟಿಕೊಂಡು ಹೋಗಬಾರದು. ಮಂಜು ಇದ್ದರೆ ಡಿಮ್ ಲೈಟೇ ಸರಿ, ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ದಾರಿ ತೆರೆದಿದೆಯಾ ಅಂತ ಸಕಲೇಶಪುರದಲ್ಲೇ ವಿಚಾರಿಸಲಿ. 2024ರ ಜುಲೈನಲ್ಲಿ ದೊಡ್ಡತಪ್ಪಲು ಹತ್ತಿರ ಗುಡ್ಡ ಕುಸಿದಾಗ ಎಷ್ಟು ಲಾರಿ ಸಾಲುಗಟ್ಟಿ ನಿಂತಿದ್ದವು, ನೆನಪಿದೆ ಅಲ್ವಾ?

*

ಅಣ್ಣ ಹೇಳಿದ್ದು ಸರಿ. ನಾನು ಆನೆ ವಿಷಯ ಸೇರಿಸುತ್ತೇನೆ. ಆಲೂರು, ಬೇಲೂರು, ಸಕಲೇಶಪುರ ಮೂರೂ ಕಡೆ ಕತ್ತಲಾದ ಮೇಲೆ ತೋಟದಿಂದ ತೋಟಕ್ಕೆ ರಸ್ತೆ ದಾಟುತ್ತವೆ. ಒಂದು ದಾಟಿತು ಅಂತ ಗಾಡಿ ಮುಂದೆ ಬಿಡಬೇಡಿ, ಹಿಂದೆ ಮರಿ ಇರುತ್ತದೆ. ದೂರದಲ್ಲೇ ನಿಲ್ಲಿಸಿ, ಡಿಮ್ ಮಾಡಿ, ಹಾರ್ನ್ ಮುಟ್ಟಬೇಡಿ.

ಗಾಡಿ ಕೆಟ್ಟು ನಿಂತರೆ ಸುಮ್ನೆ ಎರಡು ಸೊಪ್ಪಿನ ಕೊಂಬೆ ಇಟ್ಟರೆ ಸಾಲದು. ರಾತ್ರಿ ಅದು ಕಾಣುವುದಿಲ್ಲ. ಹೊಳೆಯುವ ತ್ರಿಕೋನ ಕ್ಯಾಬಿನ್‌ನಲ್ಲೇ ಇರಲಿ, ಸಾಕಷ್ಟು ಹಿಂದೆ, ತಿರುವಿಗೂ ಮೊದಲೇ ಇಡಲಿ.

*

ನಾನು ಡ್ರೈವರ್ ಹೆಂಡತಿ, ಚಿಕ್ಕಮಗಳೂರಿನವಳು. ಇವರೆಲ್ಲ ರಸ್ತೆಯ ಮಾತು ಹೇಳಿದರು, ನಾನು ಮನೆಯದು ಹೇಳುತ್ತೇನೆ. ರಾತ್ರಿಯ ಎಚ್ಚರ ಹಗಲಿನ ನಿದ್ದೆಯಿಂದಲೇ ಬರಬೇಕು. ನಮ್ಮವರು ಬೆಳಿಗ್ಗೆ ಬಂದು ಮಲಗಿದರೆ ಮಧ್ಯಾಹ್ನದವರೆಗೆ ನಮ್ಮ ಮನೆಯಲ್ಲಿ ಮಿಕ್ಸಿ ಹಾಕುವುದಿಲ್ಲ. ಕಿಟಕಿಗೆ ದಪ್ಪ ಕಂಬಳಿ ಕಟ್ಟಿದ್ದೇನೆ. ಮೊದಮೊದಲು ಹಗಲು ಮನೆಯಲ್ಲೇ ಇದ್ದಾರಲ್ಲ ಅಂತ ರೇಷನ್ ತರಲು, ಮದುವೆ ಮನೆಗೆ ಅಂತ ಎಬ್ಬಿಸುತ್ತಿದ್ದೆ. ಅದು ನನ್ನ ತಪ್ಪು. ಈಗ ಯಾರು ಕರೆದರೂ ಅವರು ಮಲಗಿದ್ದಾರೆ ಅಂತ ಹೇಳಿಬಿಡುತ್ತೇನೆ.

ಇನ್ನೊಂದು, ಓಡಿಸುತ್ತಿರುವಾಗ ನಾನು ಫೋನ್ ಮಾಡುವುದೇ ಇಲ್ಲ. ಘಾಟಿ ಇಳಿದು ಗುಂಡ್ಯದಲ್ಲಿ ಟೀಗೆ ನಿಲ್ಲಿಸಿದಾಗ ಅವರೇ ಮಾಡುತ್ತಾರೆ. ಅಲ್ಲಿಯವರೆಗೆ ಕಾಯುವುದು ಕಷ್ಟವೇ. ನಿಮ್ಮ ಅಮ್ಮನಿಗೆ ಭಯ ಆಗುವುದು ನನಗೆ ಚೆನ್ನಾಗಿ ಗೊತ್ತು ಕಣ್ರೀ. ಅವರಿಗೆ ಮಾತಾಡಬೇಕು ಅನಿಸಿದರೆ ನನ್ನ ಜೊತೆ ಮಾತಾಡಿಸಿ, ರಾತ್ರಿ ಹೊತ್ತಾದರೂ ಪರವಾಗಿಲ್ಲ. ನಾನು ಹೇಗೂ ಎದ್ದೇ ಇರುತ್ತೇನೆ.