1970ರ ಎಂಜಿಬಿ: ಡ್ಯಾಶ್‌ಬೋರ್ಡ್ ಬಿಚ್ಚಬೇಕಾ, ಹಾಗೇ ಬಿಡಬೇಕಾ?

ಲೆಸ್ಟರ್_ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ, ಈಗ ಇರೋದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಎರಡು ವರ್ಷದಿಂದ ಎಂಜಿ ಅನ್ನೋ ಬ್ರಿಟಿಷ್ ಕಂಪನಿಯ ಒಂದು ಎಂಜಿಬಿ ಜಿಟಿ ಕಾರನ್ನು ಬಿಡುವಾದಾಗಲೆಲ್ಲ ಸರಿ ಮಾಡುತ್ತಿದ್ದೇನೆ. 1970ರ ಗಾಡಿ, ಆಬಿಂಗ್ಡನ್ ಕಾರ್ಖಾನೆಯದ್ದು, ಬಲಗಡೆ ಸ್ಟೇರಿಂಗ್. ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು ಎಲ್ಲ ತುಕ್ಕು ಹಿಡಿದಿತ್ತು, ಅದರ ವೆಲ್ಡಿಂಗ್ ಮುಗಿಯಿತು. ಮುಂದಿನದು ಪೇಂಟ್.

ಪೇಂಟರ್ ಹೇಳುತ್ತಾನೆ, ಡ್ಯಾಶ್‌ಬೋರ್ಡ್ ಬಿಚ್ಚಿ ತನ್ನಿ, ಇಲ್ಲದಿದ್ದರೆ ಟೇಪ್ ಹಚ್ಚಿ ಹೊಡೆಯುತ್ತೇನೆ ಅಂತ. ಪಕ್ಕದ ಮನೆಯ ಹಿರಿಯರು ನಲವತ್ತು ವರ್ಷ ಎಂಜಿ ಓಡಿಸಿದವರು, ಅವರು ಮಾತ್ರ ಬೇಡವೇ ಬೇಡ ಅನ್ನುತ್ತಾರೆ. ನನಗಿರುವ ತೊಂದರೆ ಇವು. ಕರಿ ಸುಕ್ಕು ಪೇಂಟ್ (ಬೇಕೆಂದೇ ಸುಕ್ಕು ಬರುವ ಹಾಗೆ ಹೊಡೆಯುವ ಪೇಂಟ್) ಡ್ಯಾಶ್‌ಬೋರ್ಡಿನ ಮೇಲಂಚಿನಲ್ಲಿ ಎದ್ದಿದೆ. ಹಿಂದಿನ ಯಾರೋ ಮಾಲೀಕರು ಎರಡು ತೂತು ಕೊರೆದಿದ್ದಾರೆ. ಅರ್ಧ ಟ್ಯಾಂಕ್ ಇದ್ದಾಗಲೂ ಪೆಟ್ರೋಲ್ ಮುಳ್ಳು ಫುಲ್ ತೋರಿಸುತ್ತದೆ. ಮಳೆ ಬಂದರೆ ಎಡಗಡೆ ಕಾಲಿಡುವ ಜಾಗ ಒದ್ದೆ. ಇಷ್ಟಕ್ಕೆ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾ?

ಮೋರಿಸ್_ಹುಬ್ಬಳ್ಳಿ:
ಬಿಚ್ಚಿರಿ ಸರ್, ಯೋಚನೆ ಮಾಡಬೇಡಿ. ನನ್ನ ಹತ್ತಿರ ಒಂದು ಮೋರಿಸ್ ಮೈನರ್ ಇದೆ. ಒಳಗಿನ ಸಾಮಾನು ಏನೂ ಬಿಚ್ಚದೆ, ಟೇಪ್ ಹಚ್ಚಿ, ಪೇಪರ್ ಮುಚ್ಚಿ ಪೇಂಟ್ ಹೊಡೆಸಿದೆ. ನೋಡೋಕೆ ಮದುಮಗಳ ಹಾಗೆ ಇತ್ತು. ಮೂರು ತಿಂಗಳಿಗೆ ಟೇಪ್ ಇದ್ದ ಅಂಚಿನಿಂದ ಪೇಂಟ್ ಹಕ್ಕಳೆ ಎದ್ದ ಹಾಗೆ ಎದ್ದಿತು, ಉಗುರು ಹಾಕಿದರೆ ಕಿತ್ತು ಬರುತ್ತಿತ್ತು, ಕೆಳಗೆ ಹಳೇ ಹಸಿರು ಬಣ್ಣ. ಬಾಗಿಲು ತೆರೆದರೆ ಮೊದಲು ಕಣ್ಣಿಗೆ ಬೀಳೋದೇ ಆ ಗೆರೆ. ಇಡೀ ಗಾಡಿಗೆ ಹಾಕಿದ ದುಡ್ಡು ಆ ಒಂದು ಗೆರೆಯಲ್ಲಿ ಹೋಯಿತು ಅನ್ನಿಸುತ್ತದೆ. ಗಾಡಿ ಹೇಗೂ ಬಿಚ್ಚಿ ನಿಂತಿದೆ, ಈಗ ಮಾಡದಿದ್ದರೆ ಮತ್ತೆ ಯಾವಾಗ?

ಕುಡ್ಲ_ಗ್ಯಾರೇಜ್:
ಮಾರಾಯ್ರೆ, ಸ್ವಲ್ಪ ನಿಲ್ಲಿ. ನಾನು ದುಬೈಯಲ್ಲಿ ಕೆಲಸ ಮಾಡುವಾಗ ಇದೇ ಎಂಜಿಬಿಯ ಡ್ಯಾಶ್‌ಬೋರ್ಡ್ ಬಿಚ್ಚಿದ್ದೇನೆ. ಬಿಚ್ಚೋದು ಕಷ್ಟ ಅಲ್ಲ. ಕೆಳಗಿನ ಬೋಲ್ಟ್‌ಗಳು ಬರುತ್ತವೆ. ಮೇಲಂಚಿನ ನಟ್ಟುಗಳು ಮಾತ್ರ ಗಾಜಿನ ಬುಡದಲ್ಲಿ ಅಡಗಿ ಕೂತಿರುತ್ತವೆ. ಸೀಟ್ ತೆಗೆದು, ಬೆನ್ನ ಮೇಲೆ ಮಲಗಿ, ತಲೆ ಪೆಡಲ್ ಹತ್ತಿರ ಇಟ್ಟು, ಕಣ್ಣಿಗೆ ಕಾಣದ ನಟ್ಟನ್ನು ಬೆರಳಲ್ಲಿ ಹುಡುಕಬೇಕು. ಸ್ಪಾನರ್ ಒಂದು ಸಲಕ್ಕೆ ಕಾಲು ಸುತ್ತು ಕೂಡ ತಿರುಗೋದಿಲ್ಲ. ಸ್ಟೇರಿಂಗ್ ಕಂಬ ಇಳಿಸದೆ ಡ್ಯಾಶ್‌ಬೋರ್ಡ್ ಹೊರಗೆ ಬರೋದೂ ಇಲ್ಲ.

ನಮಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಆ ಗಾಡಿಯಲ್ಲಿ ಆಯಿಲ್ ಪ್ರೆಶರ್ ಮತ್ತು ನೀರಿನ ಬಿಸಿ ಎರಡೂ ತೋರಿಸುವ ಒಂದೇ ಮೀಟರ್ ಇತ್ತು. ಅದು ಕರೆಂಟಿನದ್ದಲ್ಲ. ಆಯಿಲ್ ನಿಜವಾಗಿಯೂ ಪೈಪಿನಲ್ಲಿ ಮೀಟರ್ ತನಕ ಬರುತ್ತದೆ. ಬಿಸಿ ಅಳೆಯೋದಕ್ಕೆ ಎಂಜಿನ್‌ನಿಂದ ಕೂದಲಿನಷ್ಟು ಸಣ್ಣ ತೂತಿನ ಒಂದು ಲೋಹದ ನಳಿಗೆ. ಹುಡುಗ ಒಬ್ಬ ಡ್ಯಾಶ್‌ಬೋರ್ಡನ್ನು ಮುಂದಕ್ಕೆ ಎಳೆದ, ನಳಿಗೆ ಪಟ್ ಅಂತ ಮುರಿಯಿತು. ಒಳಗಿನ ದ್ರವ ಹೋದರೆ ಮೀಟರ್ ಸತ್ತ ಹಾಗೆ. ಅದರ ರಿಪೇರಿ, ವೈರಿಂಗ್ ಗೊಂದಲ, ಎಲ್ಲ ಸೇರಿ ಒಂದು ಶನಿವಾರದ ಕೆಲಸ ಐದು ತಿಂಗಳಾಯಿತು. ಆಗ ಬಿಚ್ಚಿದ್ದು ಯಾಕೆ ಗೊತ್ತುಂಟಾ? ಸುಮ್ನೆ ಪೇಂಟಿಗೆ. ಮೀಟರ್‌ಗಳನ್ನು ಒಂದೊಂದಾಗಿ ಅವುಗಳ ತೂತಿನಿಂದಲೇ ಹೊರಗೆ ತೆಗೆಯಬಹುದು. ಹಿಂದೆ ಕೈಯಲ್ಲಿ ತಿರುಗಿಸುವ ನಟ್ಟು ಇದೆ, ಅಷ್ಟೇ. ಪೆಟ್ರೋಲ್ ಮುಳ್ಳಿಗೂ ಅಷ್ಟು ಸಾಕು.

ರಾಜಾಜಿನಗರ_ಎಲೆಕ್ಟ್ರಿಕಲ್:
ಇಬ್ಬರೂ ಪೇಂಟ್ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನ ಚಿಂತೆ ವೈರಿಂಗ್. ಅಪ್ಪನ ಅಂಗಡಿಯಲ್ಲಿ ಹಳೇ ಬ್ರಿಟಿಷ್ ಗಾಡಿಗಳ ವೈರಿಂಗ್ ಮಾಡಿಯೇ ನಾನು ಕಲಿತದ್ದು, ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಗಾಡಿಗಳಲ್ಲಿ ಬಣ್ಣಕ್ಕೆ ಅರ್ಥ ಇದೆ. ಕಂದು ಅಂದರೆ ಬ್ಯಾಟರಿಯಿಂದ ನೇರ ಬಂದದ್ದು, ಕೀ ತೆಗೆದರೂ ಕರೆಂಟ್ ಇರುತ್ತದೆ, ಫ್ಯೂಸ್ ಇಲ್ಲ. ನೇರಳೆ ಕೂಡ ಯಾವಾಗಲೂ ಕರೆಂಟ್, ಆದರೆ ಫ್ಯೂಸ್ ದಾಟಿ ಬಂದದ್ದು. ಬಿಳಿ ಕೀ ತಿರುಗಿಸಿದ ಮೇಲೆ, ಹಸಿರು ಅದೇ ಕರೆಂಟ್ ಫ್ಯೂಸ್ ದಾಟಿದ ಮೇಲೆ. ಕರಿ ಅರ್ಥ್, ಅಂದರೆ ಕರೆಂಟ್ ವಾಪಸ್ ಹೋಗೋಕೆ ಗಾಡಿಯ ತಗಡಿಗೆ ಜೋಡಿಸುವ ವೈರ್. ಕೆಂಪು ಸಣ್ಣ ದೀಪ, ನೀಲಿ ಹೆಡ್‌ಲೈಟ್. ಈಗ ಕೇಳಿ: ಎಂಜಿಬಿಯಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ಡ್ಯಾಶ್‌ಬೋರ್ಡ್ ಹಿಂದೆ ಒಂದು ಕಂದು ವೈರ್ ಅಥವಾ ನೀಲಿ ವೈರ್ ಸಿಪ್ಪೆ ಸುಲಿದು ತಗಡಿಗೆ ತಾಗಿದರೆ ತಡೆಯೋಕೆ ಏನೂ ಇಲ್ಲ. ವೈರೇ ಕಾದು, ಪಕ್ಕದ್ದನ್ನೂ ಕರಗಿಸಿ, ಇಡೀ ಕಟ್ಟು ಹೊಗೆಯಾಗುತ್ತದೆ. ಇಂಗ್ಲೆಂಡಿನಲ್ಲಿ 40 ವರ್ಷ ದಾಟಿದ ಗಾಡಿಗೆ 2018ರಿಂದ ಎಂಒಟಿ ಅನ್ನೋ ವರ್ಷದ ಸುರಕ್ಷತಾ ತಪಾಸಣೆ ಕಡ್ಡಾಯ ಅಲ್ಲ, ದೊಡ್ಡ ಮಾರ್ಪಾಡು ಮಾಡಿರದಿದ್ದರೆ. ಅಂದರೆ ನೀವು ನೋಡದಿದ್ದರೆ ಬೇರೆ ಯಾರೂ ನೋಡೋದಿಲ್ಲ.

ಹಾಗಂತ ಕಣ್ಣು ಮುಚ್ಚಿ ಬಿಚ್ಚಿ ಅನ್ನುತ್ತಿಲ್ಲ. ಮೊದಲು ಒಂದು ಪರೀಕ್ಷೆ ಮಾಡಿ. ಬ್ಯಾಟರಿ ತೆಗೆಯಿರಿ. ನಿಮ್ಮ ವರ್ಷದ ಗಾಡಿಯಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಸೀಟಿನ ಹಿಂದೆ ನೆಲದಡಿ ಇರುತ್ತವೆ. ಆಮೇಲೆ ಸ್ಪೀಡೋಮೀಟರ್ ಹೊರಗೆ ತೆಗೆದು ಆ ತೂತಿನಲ್ಲಿ ಕೈ ಹಾಕಿ ಒಂದು ವೈರನ್ನು ಮೆಲ್ಲಗೆ ಬಗ್ಗಿಸಿ. ಬಗ್ಗಿ ವಾಪಸ್ ಬಂದರೆ ವೈರಿಂಗ್ ಬದುಕಿದೆ, ಮುಟ್ಟಬೇಡಿ. ಮೇಲಿನ ಸಿಪ್ಪೆ ಹಪ್ಪಳದ ಹಾಗೆ ಮುರಿದು ಬೆರಳಿಗೆ ಬಂದರೆ ಹೊಸ ವೈರಿಂಗ್ ಕಿಟ್ ಹಾಕಲೇಬೇಕು. ಆಗ ಡ್ಯಾಶ್‌ಬೋರ್ಡ್ ಹೊರಗೆ ತೆಗೆದು ಮಾಡಿದ ಕೆಲಸವೇ ಕೆಲಸ.

ಪೆಟ್ರೋಲ್ ಮುಳ್ಳು ಜಾಸ್ತಿ ತೋರಿಸೋದಕ್ಕೆ ಮೀಟರನ್ನು ಬೈಯಬೇಡಿ. ಹಿಂದೆ ಒಂದು ಸಣ್ಣ ಡಬ್ಬಿ ಇದೆ, ವೋಲ್ಟೇಜ್ ಸ್ಟೆಬಿಲೈಸರ್, ಮೀಟರಿಗೆ ಸರಾಸರಿ 10 ವೋಲ್ಟ್ ಕೊಡೋದು ಅದರ ಕೆಲಸ. ಅದಕ್ಕೆ ಅರ್ಥ್ ಸರಿಯಾಗಿ ಸಿಗದಿದ್ದರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರಿಗೆ ಹೋಗಿ ಮುಳ್ಳು ಮೇಲೆ ಹತ್ತುತ್ತದೆ. ಅದು ಕೂತ ಜಾಗದ ತುಕ್ಕು ಉಜ್ಜಿ ನೋಡಿ ಮೊದಲು.

ಮೋರಿಸ್_ಹುಬ್ಬಳ್ಳಿ:
ಅಕ್ಕ ಹೇಳಿದ್ದು ಖರೆ. ಇನ್ನೊಂದು ಸೇರಿಸುತ್ತೇನೆ. ನನ್ನ ಮೋರಿಸ್‌ನಲ್ಲಿ ಗಾಡಿಯ ತಗಡಿಗೆ ಜೋಡಿಸಿರೋದು ಬ್ಯಾಟರಿಯ ಪ್ಲಸ್ ತುದಿ. ಅದು ತಿಳಿಯದೆ ಒಬ್ಬ ಎಲೆಕ್ಟ್ರಿಷಿಯನ್ ರೇಡಿಯೋ ಜೋಡಿಸಿದ, ಎರಡು ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಲೆಸ್ಟರ್ ಸರ್, ನಿಮ್ಮ ಗಾಡಿಗೂ ಮೊದಲು ಯಾವುದು ಅರ್ಥ್ ಅಂತ ನೋಡಿಕೊಳ್ಳಿ.

ರಾಜಾಜಿನಗರ_ಎಲೆಕ್ಟ್ರಿಕಲ್:
ಎಂಜಿಬಿಯಲ್ಲಿ 1967ರ ಕೊನೆಗೇ ಮೈನಸ್ ಅರ್ಥ್‌ಗೆ ಬದಲಾಯಿಸಿದ್ದಾರೆ, 1970ರದ್ದಕ್ಕೆ ಆ ಭಯ ಇಲ್ಲ. ಆದರೂ ಬ್ಯಾಟರಿ ಕೇಬಲ್ ನೋಡಿ ಖಾತ್ರಿ ಮಾಡಿಕೊಳ್ಳೋದು ಒಳ್ಳೇದು, ಐವತ್ತು ವರ್ಷದಲ್ಲಿ ಯಾರು ಏನು ಮಾಡಿದ್ದಾರೋ.

ಹಳೇದು_ಮೈಸೂರು:
ನನ್ನ ಮಾತು ಬೇರೆ. ಆ ಎರಡು ತೂತು ಇದೆ ಅಂದಿರಲ್ಲ, ದಯವಿಟ್ಟು ಮುಚ್ಚಬೇಡಿ. ಯಾರೋ ಒಬ್ಬರು ಮಂಜಿನಲ್ಲಿ ರಾತ್ರಿ ಗಾಡಿ ಓಡಿಸಬೇಕಾಗಿ ಬಂದು ಫಾಗ್ ಲೈಟ್ ಹಾಕಿಸಿ ಅಲ್ಲಿ ಸ್ವಿಚ್ ಇಟ್ಟಿರಬಹುದು. ಐವತ್ತು ವರ್ಷ ಗಾಡಿ ಬದುಕಿದ್ದಕ್ಕೆ ಅದು ಗುರುತು. ಡ್ಯಾಶ್‌ಬೋರ್ಡ್ ಬಿಚ್ಚಿದ ಕೂಡಲೇ ಎಲ್ಲರಿಗೂ ಕೈ ತುರಿಸುತ್ತದೆ, ವೆಲ್ಡ್ ಮಾಡು, ಉಜ್ಜು, ಹೊಸ ಪೇಂಟ್ ಹೊಡೆ. ಕೊನೆಗೆ ಶೋರೂಮಿನಿಂದ ಬಂದ ಹಾಗೆ ಕಾಣುತ್ತದೆ, ಆದರೆ ಆ ಗಾಡಿಯಲ್ಲಿ ಯಾರೂ ಬದುಕಿಲ್ಲ ಅನ್ನೋ ಹಾಗಿರುತ್ತದೆ. ನಮ್ಮ ತಾತನ ಗಾಡಿಯ ಗೇರ್ ಹಿಡಿ ಅವರ ಅಂಗೈಯಿಂದಲೇ ಸವೆದು ನುಣುಪಾಗಿದೆ. ಅದನ್ನು ಬದಲಾಯಿಸಿ ಅಂದ ಮೆಕ್ಯಾನಿಕ್ ಹತ್ತಿರ ನಾನು ಮತ್ತೆ ಹೋಗಲಿಲ್ಲ.

ಮೋರಿಸ್_ಹುಬ್ಬಳ್ಳಿ:
ಅಜ್ಜನ ಕೈ ಸವೆಸಿದ್ದು ಬೇರೆ ರೀ, ಡ್ರಿಲ್ ಹಾಕಿ ಕೊರೆದದ್ದು ಬೇರೆ. ಒಂದು ನೆನಪು, ಇನ್ನೊಂದು ಗಾಯ. ಗಾಯ ಹಾಗೇ ಬಿಡಬೇಕು ಅನ್ನೋದು ನನಗೆ ಒಪ್ಪಿಗೆ ಇಲ್ಲ. ಆ ತಗಡು ಕಾರ್ಖಾನೆಯಲ್ಲಿ ಮಾಡಿದವರ ಕೈಗೂ ಬೆಲೆ ಇದೆ ಅಲ್ವಾ?

ಬೀಟಲ್_ಸ್ಯಾನ್‌ಹೋಸೆ:
ನಿಮಗೆಲ್ಲ ಈ ಚರ್ಚೆ ಮಾಡೋಕಾದರೂ ಅವಕಾಶ ಇದೆ. ನನ್ನ 1968ರ ಬೀಟಲ್‌ನಲ್ಲಿ ಡ್ಯಾಶ್‌ಬೋರ್ಡ್ ಬಾಡಿಗೇ ವೆಲ್ಡ್ ಆಗಿರುವ ತಗಡು, ಬಿಚ್ಚೋದು ಅನ್ನೋ ಮಾತೇ ಇಲ್ಲ. ಆದರೆ ಮುಂದಿನ ಡಿಕ್ಕಿ ತೆರೆದು ರಟ್ಟಿನ ಹಲಗೆ ತೆಗೆದರೆ ಮೀಟರಿನ ಬೆನ್ನು ಎದುರಿಗೇ ಇರುತ್ತದೆ. ನಿಂತುಕೊಂಡು ಕೆಲಸ ಮಾಡಬಹುದು. ಎಂಜಿಬಿಯಲ್ಲಿ ಆ ಸೌಕರ್ಯ ಇಲ್ಲ, ಹಾಗಾಗಿ ಸಲ ಸಲಕ್ಕೂ ಬೆನ್ನ ಮೇಲೆ ಮಲಗೋದಕ್ಕಿಂತ ಒಂದೇ ಸಲ ಬಿಚ್ಚಿ ಎಲ್ಲ ಮುಗಿಸೋದು ಮೇಲು ಅಂತ ನನಗನ್ನಿಸುತ್ತದೆ. ಆಮೇಲೆ ಎಡಗಡೆ ಒದ್ದೆ ಅಂದಿರಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಕುಡ್ಲ_ಗ್ಯಾರೇಜ್:
ಹೌದು, ಅದು ಬಿಟ್ಟುಹೋಯಿತು. ಗಾಜಿನ ಮುಂದೆ ಬಾನೆಟ್ ಹಿಂದೆ ಗಾಳಿ ಒಳಗೆ ಹೋಗುವ ಜಾಲರಿ ಉಂಟಲ್ಲ, ಮಳೆ ನೀರು ಅಲ್ಲಿ ಒಳಗೆ ಬಂದೇ ಬರುತ್ತದೆ. ಅದು ಹೊರಗೆ ಹೋಗಲಿಕ್ಕೆ ಒಂದು ರಬ್ಬರ್ ಪೈಪ್ ಕೊಟ್ಟಿದ್ದಾರೆ. ಎಲೆ, ಮಣ್ಣು ತುಂಬಿ ಅದು ಕಟ್ಟಿಕೊಂಡರೆ ನೀರು ತುಂಬಿ ಒಳಗೆ ಚೆಲ್ಲುತ್ತದೆ. ಇನ್ನೊಂದು ದಾರಿ ವೈಪರ್ ಕಡ್ಡಿಯ ಬುಡದ ರಬ್ಬರ್. ಒಂದು ಚೊಂಬು ನೀರು ಜಾಲರಿಗೆ ಹೊಯ್ಯಿರಿ, ಒಳಗೆ ಒಬ್ಬರು ಟಾರ್ಚ್ ಹಿಡಿದು ಎಲ್ಲಿಂದ ಇಳಿಯುತ್ತದೆ ನೋಡಲಿ.

ಲೆಸ್ಟರ್_ಶಿವಮೊಗ್ಗ:
ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಭಾನುವಾರ ಪೂರ್ತಿ ಇದೇ ಕೆಲಸ ಮಾಡಿದೆ.

ಮೊದಲು ನೀರು. ಹೆಂಡತಿ ಮೇಲಿಂದ ಹೊಯ್ದಳು, ನಾನು ಒಳಗೆ ಮಲಗಿ ನೋಡಿದೆ. ಪೈಪ್ ಪೂರ್ತಿ ಕಟ್ಟಿಕೊಂಡಿತ್ತು. ತಂತಿ ಹಾಕಿ ಕೆದಕಿದರೆ ಕಪ್ಪು ಗೊಬ್ಬರದಂಥ ಮಣ್ಣು ಒಂದು ಹಿಡಿ ಬಂತು, ಕೊಳೆತ ಎಲೆಯ ನರಗಳು ಹಾಗೇ ಇದ್ದವು. ಅದು ಸರಿಹೋಯಿತು. ಆದರೆ ಎಡಗಡೆ ವೈಪರ್ ಬುಡದಿಂದ ಇನ್ನೂ ಹನಿ ಬೀಳುತ್ತಿದೆ, ಆ ನೀರು ಹರಿದು ಬಂದ ದಾರಿಯಲ್ಲಿ ತಗಡು ಕೆಂಪಾಗಿದೆ.

ಆಮೇಲೆ ಸ್ಪೀಡೋಮೀಟರ್ ತೆಗೆದು ಕೈ ಹಾಕಿದೆ. ಕೆಲವು ವೈರ್ ಮೆತ್ತಗಿವೆ, ಆದರೆ ಹೀಟರ್ ಹತ್ತಿರದವು ಮೇಡಂ ಹೇಳಿದ ಹಾಗೆ ಚೂರಾಗಿ ಉದುರಿದವು. ಅದಕ್ಕಿಂತ ಭಯವಾದದ್ದು ಆ ಎರಡು ತೂತಿನ ಹಿಂದೆ. ಒಂದು ದಪ್ಪ ಕಂದು ವೈರನ್ನು ನಡುವೆ ಸುಲಿದು, ಇನ್ನೊಂದು ವೈರ್ ಸುತ್ತಿ, ಟೇಪ್ ಹಚ್ಚಿದ್ದಾರೆ. ಟೇಪಿನ ಅಂಟು ಕರಗಿ ಹೋಗಿ ತಾಮ್ರ ಬರಿದಾಗಿ ಕಾಣುತ್ತಿತ್ತು, ತಗಡಿನಿಂದ ಒಂದು ಬೆರಳು ದೂರ. ಇಷ್ಟು ದಿನ ಮಗಳನ್ನು ಕೂರಿಸಿಕೊಂಡು ಓಡಿಸಿದ್ದೇನೆ ಇದರಲ್ಲಿ.

ಡ್ಯಾಶ್‌ಬೋರ್ಡ್ ಬಿಚ್ಚುತ್ತೇನೆ. ಹೊಸ ವೈರಿಂಗ್ ಕಿಟ್ ಹಾಕುತ್ತೇನೆ.

ಕುಡ್ಲ_ಗ್ಯಾರೇಜ್:
ಹಾಗಾದರೆ ಬಿಚ್ಚಲೇಬೇಕು, ನನ್ನ ಮಾತು ವಾಪಸ್. ನಾನು ಬೇಡ ಅಂದದ್ದು ಬರೀ ಚಂದಕ್ಕೆ ಬಿಚ್ಚೋದನ್ನು. ಆದರೆ ಬಿಸಿ ತೋರಿಸುವ ಆ ನಳಿಗೆಯನ್ನು ಎಂಜಿನ್ ಕಡೆಯಿಂದ ಮೊದಲು ಬಿಡಿಸಿ, ದೊಡ್ಡ ಸುರುಳಿ ಮಾಡಿ ಮೀಟರ್ ಜೊತೆಗೇ ಒಂದು ಬಟ್ಟೆಯಲ್ಲಿ ಸುತ್ತಿಡಿ. ಆಯಿಲ್ ಪೈಪ್ ಕೆಳಗೆ ಚಿಂದಿ ಹಾಸಿ. ಸುಕ್ಕು ಪೇಂಟ್ ನೀವೇ ಹೊಡೆಯೋದಾದರೆ ದಪ್ಪ ಕೋಟು ಒಂದು ಅಡ್ಡ, ಒಂದು ಉದ್ದ ಹೊಡೆದು ಆಮೇಲೆ ಬಿಸಿ ಕೊಡಿ, ಬಿಸಿ ಇಲ್ಲದಿದ್ದರೆ ಒಂದು ಕಡೆ ಸುಕ್ಕು, ಒಂದು ಕಡೆ ಬೋಳು.

ರಾಜಾಜಿನಗರ_ಎಲೆಕ್ಟ್ರಿಕಲ್:
ಹೀಟರ್ ಮತ್ತು ವೈಪರ್ ಬುಡದ ರಬ್ಬರ್ ಕೂಡ ಆಗಲೇ ಬದಲಾಯಿಸಿ. ಹಳೇ ಕಿಟ್ ಎಸೆಯಬೇಡಿ, ಹೊಸದು ಓಡುವ ತನಕ ಅದೇ ನಿಮ್ಮ ನಕ್ಷೆ. ಬರೀ ಫೋಟೋ ನಂಬಬೇಡಿ, ಐವತ್ತು ವರ್ಷದ ಕೊಳೆಯಲ್ಲಿ ಹಸಿರು, ನೀಲಿ ಎರಡೂ ಒಂದೇ ಥರ ಕಾಣುತ್ತವೆ. ಪ್ರತಿ ವೈರಿಗೂ ಬಟ್ಟೆ ಟೇಪ್ ಸುತ್ತಿ ಅದರ ಮೇಲೆ ಬರೆಯಿರಿ, ಕಿತ್ತ ಮೇಲೆ ಅಲ್ಲ, ಕೀಳುವ ಮೊದಲು.

ಎಂಜಿನ್ ಸುತ್ತು ತೋರಿಸುವ ಮೀಟರ್ ಒಂದನ್ನು ವಿಶೇಷವಾಗಿ ನೋಡಿ. ನಿಮ್ಮ ವರ್ಷದ್ದರಲ್ಲಿ ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್‌ಗೆ ಹೋಗುವ ಬಿಳಿ ವೈರಿನ ಕರೆಂಟ್ ಆ ಮೀಟರನ್ನು ದಾಟಿಯೇ ಹೋಗುತ್ತದೆ. ವಾಪಸ್ ಜೋಡಿಸುವಾಗ ಅದು ತಪ್ಪಿದರೆ ಗಾಡಿ ಸ್ಟಾರ್ಟ್ ಆಗೋದಿಲ್ಲ, ನೀವು ಪೆಟ್ರೋಲ್, ಪ್ಲಗ್ ಅಂತ ವಾರಗಟ್ಟಲೆ ಹುಡುಕುತ್ತೀರಿ.

ಹಳೇದು_ಮೈಸೂರು:
ವೈರ್ ವಿಷಯ ಓದಿ ಎದೆ ಧಸಕ್ ಅಂದಿತು. ಖಂಡಿತ ಬಿಚ್ಚಿ. ತೂತು?

ಲೆಸ್ಟರ್_ಶಿವಮೊಗ್ಗ:
ಒಂದನ್ನು ವೆಲ್ಡ್ ಮಾಡಿ ಮುಚ್ಚುತ್ತೇನೆ. ಇನ್ನೊಂದರ ಹಿಂದೆ ಸಣ್ಣ ಚೀಟಿ ಅಂಟಿಸಿ ಪೆನ್ಸಿಲ್‌ನಲ್ಲಿ ಫಾಗ್ ಅಂತ ಬರೆದಿದ್ದಾರೆ, ಅಕ್ಷರ ಇನ್ನೂ ಓದೋಕಾಗುತ್ತದೆ. ಅದನ್ನು ಉಳಿಸಿಕೊಳ್ಳುತ್ತೇನೆ, ಫಾಗ್ ಲೈಟ್ ಕೂಡ ಹಾಕಿಸುತ್ತೇನೆ, ಈ ಸಲ ಫ್ಯೂಸ್ ಮೂಲಕ. ಮೋರಿಸ್ ಸರ್ ಒಪ್ಪದಿದ್ದರೂ ಸರಿ.

ಪಕ್ಕದ ಮನೆಯವರಿಗೆ ಆ ತಾಮ್ರದ ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಟಾರ್ಚ್ ಹಿಡಿಯೋಕೆ ಅವರೇ ಬರುತ್ತಾರಂತೆ, ತಮ್ಮ ಗಿಡ್ಡ ಸ್ಪಾನರ್ ತರುತ್ತಾರಂತೆ ಆ ಮೇಲಿನ ನಟ್ಟುಗಳಿಗೆ.