ಕ್ಯಾಸರೋಲ್: ಪಾತ್ರೆಯೋ, ಅಡುಗೆಯೋ?

ಎಲ್ಲರಿಗೂ ನಮಸ್ಕಾರ. ಒಂದು ಅಡುಗೆಗೆ ಒಪ್ಪುವ ಕನ್ನಡ ಹೆಸರು ಹುಡುಕುತ್ತಿದ್ದೇನೆ.

ನಾನಿರುವುದು ಅಮೆರಿಕದಲ್ಲಿ ಅತಿ ಹೆಚ್ಚು ಗೆಣಸು ಬೆಳೆಯುವ ನಾರ್ತ್ ಕೆರೊಲಿನಾದಲ್ಲಿ. ನವೆಂಬರಿನ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಇಲ್ಲಿ ಗೆಣಸಿನ ಕ್ಯಾಸರೋಲ್ ಇರಲೇಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಹಣ್ಣನ್ನೂ ಸೇರಿಸುತ್ತೇವೆ. ಮಾಡುವ ವಿಧಾನವನ್ನು ಕನ್ನಡದಲ್ಲಿ ಬರೆದು ತುಮಕೂರಿನ ಅತ್ತಿಗೆಗೆ ಕಳಿಸಿದ್ದೆ. ‘ಕ್ಯಾಸರೋಲನ್ನು ಓವನ್ನಿನಲ್ಲಿ ನಲವತ್ತು ನಿಮಿಷ ಇಡಿ’ ಎಂಬಲ್ಲಿಗೆ ಬಂದವರೇ ಫೋನ್ ಮಾಡಿದರು: ‘ಅಲ್ಲಮ್ಮಾ, ಪ್ಲಾಸ್ಟಿಕ್ ಕರಗುವುದಿಲ್ಲವೇ?’

ತಪ್ಪು ಅವರದಲ್ಲ. ಊರಿನಲ್ಲಿ ಕ್ಯಾಸರೋಲ್ ಎಂದರೆ ಚಪಾತಿಯನ್ನು ಬಿಸಿಯಾಗಿಡುವ ಡಬ್ಬಿ. ಮದುವೆಯಲ್ಲಿ ನನಗೂ ಎರಡು ಬಂದಿದ್ದವು. ಫ್ರೆಂಚರಿಗೆ ಅದು ಹಿಡಿಯಿರುವ ಪಾತ್ರೆ. ಇಂಗ್ಲಿಷಿಗೆ ಬಂದು ಓವನ್ನಿನಲ್ಲಿಡುವ ಪಾತ್ರೆಯಾಯಿತು, ಆಮೇಲೆ ಅದರಲ್ಲಿ ಬೆಂದ ಅಡುಗೆಗೂ ಅದೇ ಹೆಸರು ಅಂಟಿತು. ನಮ್ಮಲ್ಲಿ ಮಾತ್ರ ಬೇಯಿಸುವ ಕೆಲಸ ಬಿಟ್ಟು ಬೆಂದದ್ದನ್ನು ಕಾಯುವ ಕೆಲಸಕ್ಕೆ ಸೇರಿಕೊಂಡಿದೆ.

ಕನ್ನಡ ಪಾತ್ರೆಯ ಹೆಸರನ್ನು ತಿನಿಸಿಗೆ ಕೊಡುವುದೇ ಇಲ್ಲವೆಂದಲ್ಲ. ತಟ್ಟೆ ಇಡ್ಲಿ ಇದೆ, ಎಲೆಯ ಕೊಟ್ಟೆಯಲ್ಲಿ (ದೊನ್ನೆಯಲ್ಲಿ) ಬೇಯುವ ಕೊಟ್ಟೆ ಕಡುಬು ಇದೆ. ಆದರೆ ಅಲ್ಲಿ ಪಾತ್ರೆ ಮುಂದೆ ನಿಂತರೂ ತಿನಿಸು ಹಿಂದೆಯೇ ಇರುತ್ತದೆ. (ಹೋಟೆಲಿನಲ್ಲಿ ‘ಎರಡು ತಟ್ಟೆ’ ಎಂದರೂ ಇಡ್ಲಿಯೇ ಬರುತ್ತದೆ, ಒಪ್ಪಿದೆ, ಅದು ಹಸಿದವರ ವ್ಯಾಕರಣ.) ಆ ಜಾಡಿನಲ್ಲಿ ಗೆಣಸಿನ ಕ್ಯಾಸರೋಲಿಗೆ ‘ಓವನ್ ಗೆಣಸು’ ಎನ್ನಬಹುದೇ? ‘ಪಾತ್ರಪಾಕ’ದಂಥ ಹೊಸ ಪದವನ್ನು ದಯವಿಟ್ಟು ಟಂಕಿಸಬೇಡಿ, ಅದನ್ನು ಉಣ್ಣುವವರಿಲ್ಲ.

ಎರಡನೆಯ ತೊಡಕು ಇನ್ನೂ ಸ್ವಾರಸ್ಯದ್ದು. ಇಲ್ಲಿ ಕಿತ್ತಳೆ ಬಣ್ಣದ ಗೆಣಸಿಗೆ ‘ಯಾಮ್’ ಎಂದೂ ಹೇಳುತ್ತಾರೆ. ನಿಜವಾದ ಯಾಮ್ ಡಯೋಸ್ಕೋರಿಯಾ ಕುಲದ ಬೇರೆಯೇ ಗೆಡ್ಡೆ. ಹೆಸರು ಪಶ್ಚಿಮ ಆಫ್ರಿಕಾದ್ದು. 1930ರ ದಶಕದಲ್ಲಿ ಲೂಸಿಯಾನಾದ ಬೆಳೆಗಾರರು ತಮ್ಮ ಕಿತ್ತಳೆ ತಳಿಯನ್ನು ಉಳಿದ ಗೆಣಸಿಗಿಂತ ಬೇರೆಯೆಂದು ತೋರಿಸಿ ಮಾರಲು ಈ ಹೆಸರನ್ನು ಬಳಸಿದರು. ನಾನು ‘ಯಾಮ್ ಆದರೂ ಆದೀತು’ ಎಂದು ಬರೆದದ್ದನ್ನು ನೋಡಿ ಅತ್ತಿಗೆ, ಊರಿನಲ್ಲಿ ಇಂಗ್ಲಿಷಿನಲ್ಲಿ ಯಾಮ್ ಎನ್ನುವ ಸುವರ್ಣಗೆಡ್ಡೆ ತರಿಸಿದ್ದರು. ಅನಾನಸ್ ಜೊತೆ ಸುವರ್ಣಗೆಡ್ಡೆ! ಸದ್ಯ, ಗಂಟಲು ಕೆರೆಯುವ ಮೊದಲೇ ಫೋನ್ ಬಂತು.

ಅಮೆರಿಕದವರನ್ನು ನಗುವ ಹಾಗೂ ಇಲ್ಲ. ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿಯ ಜೊತೆ ಬೇಯಿಸುವ ನಮ್ಮ ಗೆಣಸಿನ ಮೂಲ ಅಮೆರಿಕ ಖಂಡ. ಪೋರ್ಚುಗೀಸರು ಬಂದ ಮೇಲಷ್ಟೇ ನಮಗೆ ಸಿಕ್ಕಿದ್ದು. ಹಾಗಾದರೆ ಋಷಿಗಳು ಕಾಡಿನಲ್ಲಿ ತಿಂದ ‘ಗೆಡ್ಡೆಗೆಣಸು’ ಇದಾಗಿರಲು ಸಾಧ್ಯವಿಲ್ಲ. ಗೆಣಸು ಎಂಬುದು ತಮಿಳಿನ ಕಿಳಂಗು, ತುಳುವಿನ ಕೆರೆಂಗ್‌ಗಳ ನಂಟಿನ ಹಳೆಯ ಪದ, ನೆಲದಡಿಯ ಗೆಡ್ಡೆಗೆ ಇದ್ದ ಹೆಸರು. ಮರಗೆಣಸು, ಮುಳ್ಳುಗೆಣಸುಗಳಲ್ಲಿ ಆ ಅರ್ಥ ಉಳಿದಿದೆ. ಹೊಸದಾಗಿ ಬಂದ ಸಿಹಿಗೆಣಸು ‘ಸಿಹಿ’ಯನ್ನು ಕಳಚಿಟ್ಟು ಇಡೀ ಹೆಸರನ್ನೇ ತನ್ನದಾಗಿಸಿಕೊಂಡಿತು.

ಈ ಕ್ಯಾಸರೋಲನ್ನು ಇಲ್ಲಿ ಊಟದ ಜೊತೆ ‘ಸೈಡ್ ಡಿಶ್’ ಆಗಿ ಬಡಿಸುತ್ತಾರೆ. ಆ ಪದಕ್ಕೆ ‘ನಂಜಿಕೊಳ್ಳುವುದು’ ಸಾಕೆನಿಸುತ್ತದೆ. ಸಿಹಿಯನ್ನು ಊಟದ ನಡುವೆ ನಂಜಿಕೊಳ್ಳುವುದು ಅನಾನಸ್ ಗೊಜ್ಜು ತಿಂದವರಿಗೆ ಹೊಸದೇನಲ್ಲ.

ಅಡುಗೆ ಇಷ್ಟೇ: ಮೂರು ದೊಡ್ಡ ಗೆಣಸನ್ನು ಮುಕ್ಕಾಲು ಬೇಯಿಸಿ ಸಿಪ್ಪೆ ತೆಗೆದು ಬಿಲ್ಲೆಗಳಾಗಿ ಹೆಚ್ಚಿ. ಬೆಣ್ಣೆ ಸವರಿದ ಗಾಜಿನ ಪಾತ್ರೆಯಲ್ಲಿ ಒಂದು ಪದರ ಗೆಣಸು, ಒಂದು ಪದರ ಹುಳಿ ಸೇಬು, ಮೇಲೆ ಅನಾನಸ್ ಚೂರು. ಕಂದು ಸಕ್ಕರೆ, ಚಕ್ಕೆಪುಡಿ, ಚಿಟಿಕೆ ಉಪ್ಪು ಉದುರಿಸಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ಅಂಚಿನಲ್ಲಿ ಪಾಕ ಗುಳುಗುಳು ಕುದಿದು ಸೇಬು ಮೆತ್ತಗಾದರೆ ಆಯಿತು. ಇಲ್ಲಿ ಹಲವರು ಮೇಲೆ ಹಾಕುವ ಮಾರ್ಷ್‌ಮ್ಯಾಲೊ ಎಂಬ ಮೆತ್ತನೆಯ ಸಿಹಿಯನ್ನು ನಾವು ಹಾಕುವುದಿಲ್ಲ, ಅದರಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಾಟಿನ್ ಇರುತ್ತದೆ.

ಅತ್ತಿಗೆ ಈಗ ಇದನ್ನು ‘ಹಣ್ಣುಗೆಣಸು’ ಎನ್ನುತ್ತಿದ್ದಾರೆ. ನನಗೇಕೋ ‘ಹಣ್ಣಾದ ಗೆಣಸು’ ಎಂದು ಕೇಳಿಸುತ್ತದೆ. ನಿಮಗೆ?